ಟೀ ಕೊಡೋಳು

ಅಮ್ಮಾ,

ಇವತ್ತು ಸಾಕುಸಾಕಾಯಿತು. ನೀನು ಜೀವನವಿಡೀ ಚಹಾ ಹಂಚಿದ ನಗರಸಭೆಯಲ್ಲಿ ಈಗ ನಾನೇ ಸಭಾಧ್ಯಕ್ಷ. ನೀನು ಬದುಕಿದ್ದರೆ ಇದನ್ನು ಬರೆಯುತ್ತಿರಲಿಲ್ಲ.

ಬೆಳಿಗ್ಗೆ ಬಿಳಿಯ ಸದಸ್ಯ ಫೌರಿ ನಮ್ಮ ಕರಿಯ ಮೇಯರ್ ಕಡೆ ಕೈ ತೋರಿಸಿ, "ಈ ಕೋತೀನ ಮರದಿಂದ ಇಳಿಸಿದವರು ಯಾರು?" ಎಂದ. ಮಾತು ವಾಪಸು ತೆಗೆದುಕೊಳ್ಳಲು ಹೇಳಿದೆ. ಒಪ್ಪಲಿಲ್ಲ, ಹೊರಗೆ ಹಾಕಿದೆ. ನಮ್ಮ ಪಕ್ಷದವರೆಲ್ಲ ಮೇಜು ಕುಟ್ಟಿದರು.

ಮಧ್ಯಾಹ್ನ ಫೌರಿಯ ಪಕ್ಷದ ಸದಸ್ಯೆ ನೊಕ್ವಾಂಡ, ನಲ್ಲಿ ನೀರಿನ ಬಗ್ಗೆ ಕೇಳಲು ಎದ್ದಳು. ಅವಳೂ ನಮ್ಮ ಜುಲು ಜನಾಂಗದ ಹುಡುಗಿಯೇ. ನಮ್ಮ ಪಕ್ಷದ ಡುಮಾ ಕೂತಲ್ಲಿಂದಲೇ, "ಏ, ಬಿಳಿಯರಿಗೆ ಟೀ ಕೊಡೋಳೇ, ಮೊದ್ಲು ನಿಮ್ಮ ಮೇಡಮ್ಮನ ಕಪ್ ತೊಳ್ದು ಬಾ ಹೋಗು!" ಎಂದ. ಮತ್ತೆ ಮೇಜು ಕುಟ್ಟಿದರು.

ಅವಳು ನನ್ನತ್ತ ತಿರುಗಿದಳು. "ಅಧ್ಯಕ್ಷರೇ, ಈ ಮಾತು ವಾಪಸ್ ತಗೊಳ್ಳೋಕೆ ಹೇಳಲ್ವಾ?"

ಹೇಳಿದರೆ, ಚಹಾ ಕೊಡುವುದು ಬೈಗುಳವೆಂದು ನಾನೇ ತೀರ್ಪು ಕೊಟ್ಟಂತಾಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಡುಮಾ ನಮ್ಮವನು ಎಂಬುದೂ ಇತ್ತು.

"ಮುಂದಿನ ವಿಷಯ," ಎಂದೆ.

ಅಷ್ಟರಲ್ಲಿ ಚಹಾ ಬಂತು. ತಂದ ಹೆಂಗಸು ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ನೀನು ನನಗೆ ಕಲಿಸಿದ ಹಾಗೆ ಎರಡೂ ಕೈ ಚಾಚಿ ಕಪ್ ತೆಗೆದುಕೊಂಡು, "ಥ್ಯಾಂಕ್ಸ್ ಅಮ್ಮಾ" ಎಂದವಳು ನೊಕ್ವಾಂಡ ಒಬ್ಬಳೇ.

ನನ್ನ ಮುಂದೆಯೂ ಒಂದು ಕಪ್ ಬಂದು ಕೂತಿತು. ನಾನು ತಲೆ ಎತ್ತಲಿಲ್ಲ.