ಬಿಳಿಯ ಮೇಲೆ ಬಿಳಿ ಹೊಲಿಗೆ: ಅನುದಾನ ಸಮಿತಿಯ ಅಧ್ಯಕ್ಷರಿಗೆ

ಮಾನ್ಯ ಅಧ್ಯಕ್ಷರೇ,

ಮಾನವಿಕ ಸಂಶೋಧನೆಯನ್ನು ಆಧರಿಸಿದ ಸಹಯೋಗಿ ವಸ್ತುಪ್ರದರ್ಶನಗಳಿಗೆ ಧನಸಹಾಯ ನೀಡುವ ತಮ್ಮ ಸಮಿತಿ ನಮ್ಮ ಅರ್ಜಿಯನ್ನು ಮೂರನೆಯ ಸಲ ವಾಪಸು ಕಳಿಸಿದೆ. ತಿರಸ್ಕರಿಸಿಲ್ಲವಂತೆ, 'ಈ ಹಂತದಲ್ಲಿ ಪರಿಗಣಿಸಿಲ್ಲ'ವಂತೆ. ಅಳಿಯ ಅಲ್ಲ, ಮಗಳ ಗಂಡ. ಕಾರಣ ಒಂದೇ ಸಾಲು: 'ಸಹಯೋಗಿಗಳು ಮಾನ್ಯತೆ ಪಡೆದ ಜ್ಞಾನಸಂಸ್ಥೆಯಲ್ಲ.' ಈ ತಿಂಗಳ ಕೊನೆಗೆ ನಮ್ಮ ಊರಿನ ದೊಡ್ಡ ಆಸ್ಪತ್ರೆಯ ನೆಲಮಾಳಿಗೆಯನ್ನು ವಾಹನ ನಿಲ್ಲಿಸಲೆಂದು ಖಾಲಿ ಮಾಡುತ್ತಾರೆ. ಆಮೇಲೆ ತಾವು ಮನಸ್ಸು ಬದಲಾಯಿಸಿದರೂ ಪ್ರದರ್ಶಿಸಲು ವಸ್ತುಗಳೇ ಇರುವುದಿಲ್ಲ. ಆದ್ದರಿಂದ ನಾಲ್ಕನೆಯ ಅರ್ಜಿ ಬರೆಯುವ ಬದಲು ಇದನ್ನು ಪತ್ರಿಕೆಗೆ ಕೊಡುತ್ತಿದ್ದೇನೆ. ಎಂಟು ಪ್ರತಿ ಲಗತ್ತಿಸುವ ಕಷ್ಟ ಈ ಸಲ ತಪ್ಪಿತು.

ನಾನು ವಸ್ತುಸಂಗ್ರಹಾಲಯದಲ್ಲಿ ಹಳೆಯ ಬಟ್ಟೆಗಳನ್ನು ಕಾಪಾಡುವ ಕೆಲಸದವನು. ನನ್ನಣ್ಣ ಕೇಳಿದವರಿಗೆಲ್ಲ, "ಅವ್ನಾ, ಮ್ಯೂಸಿಯಂನಲ್ಲಿ ಬಟ್ಟೆ ಒಗೀತಾನೆ," ಅನ್ನುತ್ತಾನೆ. ಪೂರ್ತಿ ಸುಳ್ಳೂ ಅಲ್ಲ. ನಾಲ್ಕು ವರ್ಷದ ಹಿಂದೆ ಆಸ್ಪತ್ರೆ ತನ್ನ ಒಗೆಯುವ ವಿಭಾಗವನ್ನು ಮುಚ್ಚಿದಾಗ ಮಾದರಿಗೆಂದು ಅರವತ್ತು ಹಾಸುಬಟ್ಟೆಗಳ ಒಂದು ಗಂಟನ್ನು ನಮಗೆ ಕಳಿಸಿತು. ಉಳಿದ ನೂರಾರು ಬಟ್ಟೆಗಳು ನೆಲಮಾಳಿಗೆಯ ಕಬ್ಬಿಣದ ಬೀರುಗಳಲ್ಲೇ ಉಳಿದವು. ದಪ್ಪ ಹತ್ತಿ, ಅಂಚಿನಲ್ಲಿ ಕೆಂಪು ದಾರದ ವಾರ್ಡ್ ನಂಬರು, ಅಷ್ಟೆ. ಕಾಲೇಜಿನಲ್ಲಿ ಇತಿಹಾಸ ಕಲಿಸುವ ಮೇಡಂ ಒಬ್ಬರು ಆ ಆಸ್ಪತ್ರೆಯಲ್ಲಿ ಸತ್ತ ಬಡವರ ಬಗ್ಗೆ ಸಂಶೋಧನೆ ಮಾಡುತ್ತಿದ್ದರು. ಸಾವಿನ ದಾಖಲೆ ಪುಸ್ತಕಗಳನ್ನು ಗೆದ್ದಲು ತಿಂದಿತ್ತು. ಬಟ್ಟೆಯಾದರೂ ಏನಾದರೂ ಹೇಳೀತೆಂದು ಅಲ್ಲಿ ದುಡಿದಿದ್ದ ಮೂವರು ಹೆಂಗಸರನ್ನು ಹುಡುಕಿ ನಮ್ಮಲ್ಲಿಗೆ ಕರೆತಂದರು.

ಅವರಲ್ಲಿ ಹಿರಿಯರನ್ನು ನಾವೆಲ್ಲ ದೊಡ್ಡಮ್ಮ ಅನ್ನುತ್ತೇವೆ. ಎರಡೂ ಕಣ್ಣಿಗೆ ಪೊರೆ. ನಮ್ಮ ನಿಯಮದಂತೆ ಕೈಗೆ ಗವಸು ಕೊಟ್ಟೆ. ಹಾಕಿಕೊಂಡು ಮೇಜಿನ ಮೇಲಿದ್ದ ಬಟ್ಟೆಯನ್ನು ಸವರಿ, ಗವಸನ್ನು ಕಿತ್ತು ನನ್ನ ಕೈಗೇ ವಾಪಸು ಕೊಟ್ಟರು.

"ಇದ್ ಹಾಕ್ಕೊಂಡ್ರೆ ಏನಪ್ಪಾ ಗೊತ್ತಾಗತ್ತೆ."

ಬರಿಗೈಯಲ್ಲಿ ಎಡಮೂಲೆಯನ್ನು ಹಿಡಿದು ಬೆರಳಾಡಿಸಿದರು. ಅಲ್ಲಿ ಬಿಳಿಯ ಮೇಲೆ ಬಿಳಿ ದಾರದಲ್ಲಿ ಮೂರು ಪುಟ್ಟ ಹೊಲಿಗೆಗಳಿದ್ದವು.

"ಇದು ನಮ್ ಕುಳ್ಳಿ ಹಾಕಿದ್ದು. ಎಡಗೈಯೋಳು, ಓರೆ ಆ ಕಡೆಗಿದೆ ನೋಡಿ. ಇದರ್ ಮೇಲೆ ಯಾರೋ ತೀರ್ಕೊಂಡಿದಾರೆ."

ಮೇಡಂ ಬರೆಯುವುದನ್ನು ನಿಲ್ಲಿಸಿದರು. "ಅಂದ್ರೆ?"

"ಯಾರಾದ್ರೂ ಸತ್ತ ಬೆಡ್‌ಶೀಟು ಹೆರಿಗೆ ವಾರ್ಡಿಗೆ ಹೋಗ್ಬಾರ್ದು ಅಂತ ನಾವೇ ಹಾಕ್ತಿದ್ದ ಗುರುತು. ಆಗ ತಾನೇ ಹುಟ್ಟಿದ್ ಕೂಸನ್ನ ಅದರ್ ಮೇಲೆ ಮಲಗಿಸೋಕಾಗತ್ತಾ?"

"ಡಾಕ್ಟ್ರಿಗೆ ಗೊತ್ತಿತ್ತಾ?"

"ಅವ್ರಿಗ್ಯಾಕೆ ಹೇಳೋಣ. ಹೇಳಿದ್ರೆ ಮೂಢನಂಬಿಕೆ ಅಂತ ಎಲ್ಲಾ ಬಿಚ್ಚಿಸೋರು."

ನಾನು ಕಿಟಕಿಯ ಕಡೆಗೆ ತಿರುಗಿಕೊಂಡೆ. ಮೇಜಿನ ಮೇಲಿದ್ದದ್ದು ಹನ್ನೆರಡನೆಯ ಬಟ್ಟೆ. ಮೊದಲ ಹನ್ನೊಂದನ್ನು ನಾನೇ ಬಿಚ್ಚಿ ಮುಗಿಸಿದ್ದೆ. ನಮ್ಮ ಕಸುಬಿನಲ್ಲಿ ಮೂಲ ಯಾವುದು, ಆಮೇಲಿನ ತೇಪೆ ಯಾವುದು ಎಂದು ಮೊದಲು ವಿಂಗಡಿಸುತ್ತೇವೆ. ನೂಲನ್ನು ಎಳೆಯುವ ತೇಪೆಯನ್ನು ತೆಗೆದುಹಾಕುತ್ತೇವೆ. 'ನಂತರದ ಒರಟು ದುರಸ್ತಿ' ಎಂದು ಕಾರ್ಡಿನಲ್ಲಿ ಬರೆದು, ಸಣ್ಣ ಕತ್ತರಿಯಿಂದ ಬಿಡಿಸಿ, ದಾರವನ್ನು ಕಸದ ಬುಟ್ಟಿಗೆ ಹಾಕಿದ್ದೆ. ಮುಂಚೆ ಫೋಟೊ ತೆಗೆದಿದ್ದೆ, ನಿಯಮ ತಪ್ಪಲಿಲ್ಲ. ಬಿಳಿಯ ಮೇಲೆ ಬಿಳಿ, ಫೋಟೊದಲ್ಲಿ ಏನೂ ಮೂಡಿಲ್ಲ. ಬಟ್ಟೆಯನ್ನು ಒದ್ದೆ ಮಾಡಿ ಒತ್ತಿ ಸೂಜಿಯ ತೂತುಗಳನ್ನೂ ಕೂಡಿಸಿಬಿಟ್ಟಿದ್ದೆ. ಎಷ್ಟು ಹೊಲಿಗೆಗಳಿದ್ದವು ಎಂದು ಈಗ ನನಗೂ ಎಣಿಸಲಾಗದು. ಕೆಲಸದಲ್ಲಿ ನಾನು ಅಷ್ಟು ಚೊಕ್ಕ.

ಅಧ್ಯಕ್ಷರೇ, ಎರಡು ಪದವಿ ಪಡೆದ ನಾನು ಅಳಿಸಿದ್ದನ್ನು ಅಕ್ಷರ ಬಾರದ ಹೆಂಗಸರು ಬರೆದಿಟ್ಟಿದ್ದರು. ಗೆದ್ದಲು ತಿಂದ ದಾಖಲೆಗೆ ಇನ್ನೊಂದು ಪ್ರತಿ ಬಟ್ಟೆಯ ಮೂಲೆಯಲ್ಲಿತ್ತು. ಅದನ್ನು ಓದಬಲ್ಲ ಕೈಗಳು ಈ ಊರಿನಲ್ಲಿ ಇನ್ನು ಮೂರು ಜೋಡಿ. ನಾವು ಕೇಳಿದ್ದಿಷ್ಟೆ: ನೆಲಮಾಳಿಗೆಯ ಬಟ್ಟೆಗಳನ್ನು ಹೊರತರಲು ಲಾರಿ, ಒಣಗಿಸಲು ಒಂದು ಕೋಣೆ, ಆ ಮೂವರು ಕುಳಿತು ಓದಿ ಹೇಳಲು ಆರು ತಿಂಗಳು, ಕೊನೆಗೆ ಅವರ ಮಾತಿನಲ್ಲೇ ವಿವರಣೆ ಬರೆದ ಒಂದು ಪ್ರದರ್ಶನ. ಇದು ಸಹಯೋಗವಲ್ಲದಿದ್ದರೆ ತಾವು ಸಹಯೋಗ ಅನ್ನುವುದು ಯಾವುದಕ್ಕೆ?

ಅದನ್ನೂ ನೋಡಿ ಬಂದೆ. ಹೋದ ವರ್ಷ ತಾವು ಮಂಜೂರು ಮಾಡಿದ ಪ್ರದರ್ಶನದಲ್ಲಿ ಮೂರು ವಿಶ್ವವಿದ್ಯಾಲಯಗಳು ಪರಸ್ಪರ ಸಹಯೋಗ ಮಾಡಿಕೊಂಡು 'ದನಿಯಿಲ್ಲದವರ ದನಿ'ಯನ್ನು ಆರು ಪರದೆಗಳ ಮೇಲೆ ತೋರಿಸಿದ್ದವು. ಸಭಾಂಗಣದಲ್ಲಿ ನಾನು ಮತ್ತು ಕಾವಲುಗಾರ ಇಬ್ಬರೇ. ಆತ ಹತ್ತಿರ ಬಂದು, "ಸರ್, ಇದನ್ನ ಆಫ್ ಮಾಡೋದು ಹೇಗೆ ಅಂತ ನಿಮಗೆ ಗೊತ್ತಾ?" ಅಂದ. ನಮ್ಮ ಅರ್ಜಿಯ ಮೇಲೆ ತಮ್ಮ ತಜ್ಞರು ಬರೆದದ್ದನ್ನೂ ಮರೆತಿಲ್ಲ. ಸಹಯೋಗಿಗಳಿಗೆ ಜಾಲತಾಣವಿದೆಯೇ? ಮೊಹರು? ಅವರ ಸಾಮರ್ಥ್ಯವೃದ್ಧಿಗೆ ಯಾವ ತರಬೇತಿ ಯೋಜಿಸಿದ್ದೀರಿ? ಯಾರು ಯಾರಿಗೆ ಸ್ವಾಮಿ ತರಬೇತಿ ಕೊಡಬೇಕು? ಹೆಂಗಸರನ್ನು ಸಹಯೋಗಿಗಳ ಪಟ್ಟಿಯಿಂದ ತೆಗೆದು 'ಫಲಾನುಭವಿಗಳು' ಎಂದು ತೋರಿಸಿದರೆ ಅನುಕೂಲವಾದೀತೆಂದು ತಮ್ಮ ಕಚೇರಿಯವರೊಬ್ಬರು ಫೋನಿನಲ್ಲಿ ಉಪಕಾರ ಮಾಡುವ ದನಿಯಲ್ಲಿ ಹೇಳಿದರು. ಫಲವನ್ನು ಅನುಭವಿಸಿದ್ದು ಮೇಡಂ ಮತ್ತು ನಾನು. ಆ ಕಲಂನಲ್ಲಿ ನಮ್ಮ ಹೆಸರು ಬರೆದುಕೊಳ್ಳಿ.

ಈಗ ಅರ್ಜಿಯಲ್ಲಿ ಬರೆಯದೆ ಬಿಟ್ಟದ್ದನ್ನು ಹೇಳುತ್ತೇನೆ. ದೊಡ್ಡಮ್ಮ ಪ್ರತಿ ಮಂಗಳವಾರ ಮಧ್ಯಾಹ್ನ ಎರಡು ಬಸ್ಸು ಬದಲಾಯಿಸಿ ಬರುತ್ತಾರೆ. ಇತಿಹಾಸಕ್ಕಾಗಿ ಅಲ್ಲ. ಅವರ ತಂಗಿಯೂ ಅದೇ ಒಗೆಯುವ ಮನೆಯಲ್ಲಿದ್ದಳು. ಇಪ್ಪತ್ತೆರಡನೆಯ ವಯಸ್ಸಿಗೆ ಜ್ವರ ಬಂದು ಅದೇ ಆಸ್ಪತ್ರೆಯಲ್ಲಿ ತೀರಿಕೊಂಡಳು. ಮಾರನೆಯ ದಿನ ಆ ಬಟ್ಟೆ ಒಗೆಯಲು ಬಂದಾಗ ಇವರೇ ಒಗೆದು, ಇವರೇ ಗುರುತು ಹಾಕಿದರು.

"ಎಲ್ರಿಗೂ ಮೂರು ಹೊಲಿಗೆ. ಅವಳಿಗೆ ನಾಲ್ಕು ಹಾಕ್ದೆ. ಕೈಗೆ ಸಿಕ್ಕಿದ್ರೆ ಗೊತ್ತಾಗತ್ತೆ," ಅನ್ನುತ್ತಾರೆ. ತಂಗಿಯ ಫೋಟೊ ಇಲ್ಲ. ಬೇರೇನೂ ಇಲ್ಲ.

ಅರವತ್ತನ್ನೂ ಮುಟ್ಟಿ ಮುಗಿಸಿದ್ದಾರೆ, ಸಿಕ್ಕಿಲ್ಲ. ಹನ್ನೊಂದರ ಮೂಲೆಗಳಲ್ಲಿ ಅವರ ಬೆರಳು ನಿಂತಿತು.

"ಇಲ್ಲೇನೋ ಇತ್ತು. ಯಾರೋ ಬಿಚ್ಚಿದಾರೆ."

"ಹೌದು ದೊಡ್ಡಮ್ಮ, ಯಾರೋ," ಅಂದೆ.

ಆ ಬಟ್ಟೆ ನೆಲಮಾಳಿಗೆಯಲ್ಲಿರಬಹುದು. ಇಲ್ಲವಾದರೆ ಆ ನಾಲ್ಕು ಹೊಲಿಗೆ ನನ್ನ ಕಸದ ಬುಟ್ಟಿಗೆ ಹೋಯಿತು. ಅದು ನೆಲಮಾಳಿಗೆಯಲ್ಲಿರಲಿ ಎಂದು ಅವರಿಗಿಂತ ಹೆಚ್ಚಾಗಿ ನಾನು ಬಯಸುತ್ತಿದ್ದೇನೆ. ನನ್ನ ಮೂರು ಅರ್ಜಿಗಳಲ್ಲೂ ಈ ಸ್ವಾರ್ಥವಿತ್ತು. ನಾಚಿಕೆಯಾಗುತ್ತದೆ, ಆದರೂ ಹೇಳಿಬಿಡುತ್ತೇನೆ. ತಮ್ಮ ಉತ್ತರವೇನೆಂದು ಅವರು ಪ್ರತಿ ವಾರ ಕೇಳುತ್ತಾರೆ. "ನೋಡ್ತಾ ಇದಾರೆ," ಅನ್ನುತ್ತೇನೆ. "ನೋಡ್ಲಿ ಬಿಡಪ್ಪ, ಕಣ್ಣು ಚೆನ್ನಾಗಿರೋರಿಗೆ ಜಾಸ್ತಿ ಹೊತ್ತು ಬೇಕಾಗತ್ತೆ," ಅನ್ನುತ್ತಾರೆ.

ಮುಂದಿನ ಸುತ್ತಿನ ಅರ್ಜಿ ಕರೆಯುವುದು ಎರಡು ತಿಂಗಳ ನಂತರ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕುವ ಈ ಪದ್ಧತಿಯನ್ನು ತಾವು ಈ ತಿಂಗಳೊಳಗೆ ಬದಲಾಯಿಸುತ್ತೀರೆಂಬ ಭ್ರಮೆ ನನಗಿಲ್ಲ. ಆದರೂ ದಾಖಲೆಗಿರಲಿ ಎಂದು ಕೇಳುತ್ತೇನೆ: ಆಸ್ಪತ್ರೆಗೆ ಒಂದು ಫೋನು ಮಾಡಿ, ಆ ಬೀರುಗಳನ್ನು ಆರು ತಿಂಗಳು ಮುಟ್ಟಬೇಡಿ ಎಂದು ಹೇಳಿ. ಅದೂ ಆಗದಿದ್ದರೆ ಯಾವುದಾದರೂ ಮಂಗಳವಾರ ತಾವೇ ಬನ್ನಿ. ಹಿಂಬಾಗಿಲಿನಿಂದ ಎರಡನೆಯ ಕೋಣೆ, ಉದ್ದನೆಯ ಮೇಜು. ಆಕೆಯ ಎದುರು ಕುಳಿತು, ನಿನಗೆ ಗೊತ್ತಿರುವುದು ಜ್ಞಾನವಲ್ಲಮ್ಮ ಎಂದು ತಮ್ಮ ಬಾಯಿಂದಲೇ ಹೇಳಿ.

ಈ ಪತ್ರ ಅಚ್ಚಾಗುವುದು ಬುಧವಾರ. ಅಕ್ಕಪಕ್ಕದವರು ಅವರಿಗೆ ಓದಿ ಹೇಳುತ್ತಾರೆ. ಅದಕ್ಕೆ ಮುಂಚೆ ಒಂದು ಮಂಗಳವಾರವಿದೆ, ಅದು ನಾಳೆ. ಹನ್ನೊಂದನ್ನು ಬಿಚ್ಚಿದವನು ನಾನೇ ಎಂದು ನಾಳೆ ಹೇಳುತ್ತೇನೆ. ತಮ್ಮ ಪಾಲಿನದನ್ನು ಮಾತ್ರ ನಾನು ಹೇಳುವುದಿಲ್ಲ.

ಇಂತಿ,
ನಾಳೆಯ ಮಾತನ್ನು ಎಲ್ಲಿಂದ ಶುರುಮಾಡುವುದೆಂದು ತಿಳಿಯದ,
ವಸ್ತುಸಂಗ್ರಹಾಲಯದ ಬಟ್ಟೆ ವಿಭಾಗದ ನೌಕರ