ಎರಡು ದಿನದ ಜಡೆ

ಇವಳೇ,

ಇವತ್ತು ಎದುರಂಗಡಿಯ ದರ್ಜಿ ಬಂದಿದ್ದ. ಅವನ ಹೆಂಡತಿಯೂ ನಿನ್ನ ಹಾಗೆ ಸೇನೆಯ ಮೀಸಲು ಪಡೆಗೆ ಸೇರುತ್ತಾಳಂತೆ. ಸ್ಟೂಲು ಎಳೆದುಕೊಂಡು ಕೂತು, "ಸೇರೋಕೆ ಮುಂಚೆ ಮನೆಯವ್ರು ಏನು ತಿಳ್ಕೊಂಡಿರ್ಬೇಕು ಅಣ್ಣಾ?" ಅಂದ. ನಾನು ಸೈಕಲ್ಲಿನ ಚೈನಿಗೆ ಎಣ್ಣೆ ಬಿಡುತ್ತಾ, "ಮಗಳಿಗೆ ಜಡೆ ಹಾಕೋದು ಕಲ್ತ್ಕೋ" ಅಂದೆ. ಅವನು ನಕ್ಕ. ನಾನು ತಮಾಷೆ ಮಾಡಿರಲಿಲ್ಲ ಕಣೇ.

ತಿಂಗಳಿಗೊಮ್ಮೆ ತರಬೇತಿಗೆ ಹೊರಡುವ ಶನಿವಾರಗಳಲ್ಲಿ ನೀನು ನಮ್ಮ ಪುಟ್ಟಿಯ ಜಡೆಯನ್ನು ಎಷ್ಟು ಬಿಗಿಯಾಗಿ ಹೆಣೆಯುತ್ತಿದ್ದೆಯೆಂದರೆ, ಭಾನುವಾರ ರಾತ್ರಿ ನೀನು ವಾಪಸು ಬರುವವರೆಗೂ ಒಂದೆಳೆ ಸಡಿಲವಾಗುತ್ತಿರಲಿಲ್ಲ. ಯುದ್ಧಕ್ಕೆ ಕರೆ ಬಂದ ದಿನವೂ ನೀನು ಹಾಗೇ ಹೆಣೆದು ಹೋದೆ. ನೀನಿನ್ನು ಬರುವುದಿಲ್ಲವೆಂಬ ಸುದ್ದಿ ಬಂದ ಮೇಲೂ ಅವಳು ಅದನ್ನು ಬಿಚ್ಚಲು ಬಿಡಲಿಲ್ಲ. ಕೊನೆಗೆ ಜಡೆ ಸಿಕ್ಕುಗಟ್ಟಿ, ನಾನೇ ಕತ್ತರಿಸಬೇಕಾಯಿತು. ಕತ್ತರಿಯನ್ನು ಇದೇ ದರ್ಜಿಯಿಂದ ಕೇಳಿ ತಂದಿದ್ದೆ. ಯಾತಕ್ಕೆಂದು ಅವನೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಇವತ್ತು ಹೇಳೋಣವೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವನು, "ಬೆಳಿಗ್ಗೇನೇ ಸಹಿ ಹಾಕಿ ಬಂದ್ಬಿಟ್ಲು" ಅಂದ. ಎದ್ದು ಹೊರಟವನು ಬಾಗಿಲಲ್ಲಿ ನಿಂತ.

"ಹೇಗೂ ತಿಂಗಳಿಗೆ ಎರಡೇ ದಿನ ಅಲ್ವಾ ಅಣ್ಣಾ?"

ಸಹಿ ಹಾಕಿ ಬಂದ ದಿನ ನೀನು ನನಗೆ ಹೇಳಿದ್ದೆಯಲ್ಲ, ಅದೇ ದನಿಯಲ್ಲಿ ನಾನೂ ಹೇಳಿದೆ.

"ಎರಡೇ ದಿನ."