ಕಾಫಿ ಆಯ್ತಾ?

ಫೆಬ್ರವರಿ ೩೧, ೨೨೧೯
ಬಿಳಿಕಲ್ಲುಗುಡ್ಡದ ಶಿಬಿರ

ನಿಮ್ಮ ಕಾಲದ ಕಾಡು ಕಾಯುವವರಿಗೆ,

ತಾರೀಖು ನೋಡಿ ನಗಬೇಡಿ. ಕಾಡ್ಗಿಚ್ಚಿನ ತಿಂಗಳುಗಳಿಗೆ ತಯಾರಾಗಲು ಸಮಯ ಸಾಲದೆಂದು ನಮ್ಮವರು ಫೆಬ್ರವರಿಯನ್ನೇ ಎಳೆದು ಉದ್ದ ಮಾಡಿದ್ದಾರೆ. ಮಾತುಗಳೂ ಬದಲಾಗಿವೆ, ಮನ್ನಿಸಿ.

ಬೆಂಕಿ ಆರಿಸುವವರನ್ನು ನಾವು ಕಿಚ್ಚುಪಡೆ ಎನ್ನುತ್ತೇವೆ. ಹೊಸಬರು ಬೆನ್ನುಕೆರೆ, ಅಂದರೆ ನೀರು ತುಂಬಿದ ಚೀಲ, ಹೊತ್ತು ದಿನವೆಲ್ಲ ಗುಡ್ಡ ಹತ್ತಿಳಿಯುತ್ತಾರೆ. ನಾನು ಅವರ ತರಬೇತುದಾರಳು. ಈ ಸಲ ಅವರಲ್ಲಿ ನನ್ನ ಮಗಳು ಕೇತಿಯೂ ಇದ್ದಳು. ಬೆಳಿಗ್ಗೆ ಪ್ರತಿಯೊಬ್ಬರನ್ನೂ ನಾವು ಕೇಳುವುದು ಒಂದೇ: "ಕಾಫಿ ಆಯ್ತಾ?" ಈ ಗುಡ್ಡದಲ್ಲಿ ಕಾಫಿ ಗಿಡ ಸತ್ತು ಎಷ್ಟೋ ತಲೆಮಾರಾಯಿತು. ನಾವು ಕೇಳುತ್ತಿರುವುದು ಮೂತ್ರದ ಬಣ್ಣವನ್ನು. ಮೈ ಮೀರಿ ದುಡಿದಾಗ ಮಾಂಸಖಂಡ ಒಡೆದು ಅದರ ಅಂಶ ರಕ್ತಕ್ಕೆ ಇಳಿಯುತ್ತದೆ; ಮೂತ್ರ ಕಪ್ಪು ಕಾಫಿಯಂತಾಗುತ್ತದೆ; ತಡಮಾಡಿದರೆ ಮೂತ್ರಪಿಂಡವೇ ಹೋಗುತ್ತದೆ. ಆದ್ದರಿಂದ ನಮ್ಮಲ್ಲಿ "ಇಲ್ಲ" ಎನ್ನುವುದೇ ಒಳ್ಳೆಯ ಸುದ್ದಿ.

ಹೋದ ತಿಂಗಳು ಒಂದು ಬೆಳಿಗ್ಗೆ ನಾನು ಕೇಳುವ ಮೊದಲೇ ಹೊಸ ಅಡುಗೆಯವರು ಶಿವನಂಜಣ್ಣ ತಮ್ಮೂರಿನ ವಾಡಿಕೆಯಂತೆ ಕೇತಿಯನ್ನು "ಕಾಫಿ ಆಯ್ತಾ" ಎಂದು ಕೇಳಿಬಿಟ್ಟಿದ್ದರು. ಅವರು ಬಯಲಿನವರು. ಅಲ್ಲಿ ಕಾಫಿ ಇನ್ನೂ ಕುಡಿಯುವ ಕಾಫಿಯೇ. ಕೇತಿ ತಲೆ ತಗ್ಗಿಸಿ "ಆಯ್ತು ಮಾವ" ಎಂದಳಂತೆ. "ಸರಿ ಕಣವ್ವ, ರೊಟ್ಟಿ ತಿನ್ನು" ಎಂದು ಅವರು ಒಲೆಯ ಕಡೆ ತಿರುಗಿದರು. ಕೇಳಿದವರೇ ತಡೆಯಲಿಲ್ಲ, ಹಾಗಾದರೆ ಹೆದರುವಂಥದ್ದೇನಿಲ್ಲ ಎಂದುಕೊಂಡು ಹುಡುಗಿ ಬೆನ್ನುಕೆರೆ ಹೊತ್ತು ಹೊರಟಳು.

ಸ್ವಲ್ಪ ಹೊತ್ತಿಗೆ ಶಿವನಂಜಣ್ಣ ನನ್ನ ಬಳಿ ಬಂದು ಗೊಣಗಿದರು: "ನಿಮ್ ಮಗಳು ಆಗ್ಲೇ ಕಾಪಿ ಕುಡ್ದವ್ಳಂತೆ. ಈ ಗುಡ್ಡದಲ್ಲಿ ಎಲ್ ಸಿಕ್ತದವ್ವ? ನಂಗೂ ಒಸಿ ಕೊಡ್ಸಿ."

ನಾನು ಗುಡ್ಡದ ಕಡೆ ಓಡಿದೆ. ಕೇತಿ ಅರ್ಧ ಏರಿನಲ್ಲಿ ಕುಸಿದು ಕೂತಿದ್ದಳು. ತೊಡೆ ಊದಿ ಕಲ್ಲಾಗಿತ್ತು, ಎದ್ದು ನಿಲ್ಲಲು ಆಗುತ್ತಿರಲಿಲ್ಲ. ಆದರೂ "ಮೈ ಹಿಡ್ಕಂಡದೆ ಅಷ್ಟೇ ಕಣವ್ವ" ಎಂದಳು. ಹೊತ್ತು ಇಳಿಸಿದೆವು. ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿ, ನರಕ್ಕೆ ಡ್ರಿಪ್ ಹಾಕಿದರು. ಮೂತ್ರಪಿಂಡ ಉಳಿಯಿತು, ಮಗಳೂ ಉಳಿದಳು.

ನಿಮ್ಮಲ್ಲಿ ತರಬೇತಿಗೆ ಬಂದವರು ಮೈ ಹಿಡಿದಿದೆ ಎಂದರೆ ಬೈದು ಓಡಿಸಬೇಡಿ. ಮಾಡಿದ ಕೆಲಸಕ್ಕೆ ಮೀರಿದ ನೋವಿದ್ದರೆ, ಕೈಕಾಲು ಸೋತಿದ್ದರೆ, ಮೂತ್ರದ ಬಣ್ಣ ಬದಲಾಗುವವರೆಗೂ ಕಾಯದೆ ವೈದ್ಯರ ಹತ್ತಿರ ಕರೆದೊಯ್ಯಿರಿ. ಬಣ್ಣ ಎಲ್ಲರಲ್ಲೂ ಬದಲಾಗುವುದಿಲ್ಲ. ಕೇಳಿದ ಮೇಲೆ ಉತ್ತರಕ್ಕೆ ಕಿವಿಗೊಡಿ.

ಶಿವನಂಜಣ್ಣ ಈಗ "ಊಟ ಆಯ್ತಾ" ಎಂದಷ್ಟೇ ಕೇಳುತ್ತಾರೆ. ನನಗಂತೂ ಬೆಳಿಗ್ಗೆ ಕೇತಿಯ "ಇಲ್ಲ ಕಣವ್ವ" ಕೇಳುವವರೆಗೆ ಗಂಟಲಲ್ಲಿ ನೀರೂ ಇಳಿಯುವುದಿಲ್ಲ.

ಇತಿ,
ನಿಮ್ಮ ಮೊಮ್ಮಕ್ಕಳ ಮೊಮ್ಮಗಳು,
ಜಡೆಮಾದಮ್ಮ